ಅವ್ವ ಸೀರಿಯಸ್ ಆಗ್ಯಾಳ

ಫೋನ್ ಬಂದಾಗ ಬೆಳಿಗ್ಗೆ ಆರೂವರೆ. ಗದಗದಿಂದ ಚಿಗವ್ವನ ಮಗ. "ಅಕ್ಕಾ, ಅವ್ವ ಸೀರಿಯಸ್ ಆಗ್ಯಾಳ. ಲಗೂನ ಬಾ" ಅಂದವನೇ ಫೋನ್ ಇಟ್ಟ.

ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸೀರಿಯಸ್ ಅಂದರೆ ಗಂಭೀರ ಅಂತ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಆ ಹೊತ್ತಿನಲ್ಲಿ ಮಾತ್ರ ನನಗೆ ಹೊಳೆದ ಅರ್ಥ ಒಂದೇ: ಚಿಗವ್ವ ಉಳಿಯುವುದಿಲ್ಲ. ನಮ್ಮ ಕಡೆ ಹಾಗೇ ಅಲ್ವಾ? "ಸೀರಿಯಸ್ಸಾಗಿ ಓದು" ಅಂದರೆ ಮನಸ್ಸಿಟ್ಟು ಓದು. "ಭಾಳ ಸೀರಿಯಸ್ ಮನುಷ್ಯ" ಅಂದರೆ ನಗುವುದು ಕಡಿಮೆ. ಆದರೆ ಒಬ್ಬರ ಹೆಸರು ಹೇಳಿ "ಸೀರಿಯಸ್ ಆಗ್ಯಾರ" ಅಂದರೆ ಮುಂದೆ ಕೇಳುವುದೇ ಇಲ್ಲ, ಮಂದಿ ಬಸ್ಸು ಹತ್ತುತ್ತಾರೆ.

ನಾನೂ ಹತ್ತಿದೆ. ಯಾವ ಸೀರೆ ಉಟ್ಟಿದ್ದೇನೆ ಅನ್ನೋದನ್ನು ಅಣ್ಣಿಗೇರಿ ದಾಟಿದ ಮೇಲೆ ನೋಡಿಕೊಂಡೆ.

ಆಸ್ಪತ್ರೆಯ ವರಾಂಡದಲ್ಲಿ ಆಗಲೇ ಹದಿನೈದು ಮಂದಿ. ಹೊಲದ ಬದುವಿನ ಜಗಳದಿಂದ ಆರು ವರ್ಷ ಮಾತು ಬಿಟ್ಟಿದ್ದ ಸೋದರಮಾವನೂ ಗೋಡೆಗೆ ಒರಗಿ ನಿಂತಿದ್ದ. ಒಳಗೆ ಚಿಗವ್ವ ಎದ್ದು ಕೂತಿದ್ದಳು. ಎಡಗಾಲಿಗೆ ಬ್ಯಾಂಡೇಜು. ಕಿವಿ ಮಾತ್ರ ಬರಿದು. ಬೆಂಡೋಲಿ ಬಿಚ್ಚಿ ಸೊಸೆಯ ಕೈಗೆ ಕೊಟ್ಟುಬಿಟ್ಟಿದ್ದಳು. ನನ್ನನ್ನು ನೋಡಿ, "ನೀನೂ ಬಂದೆ? ಹಂಗಾರ ಖರೇನ" ಅಂದಳು.

ಆ ಮಾತು ಕೇಳಿ ನನಗೆ ನಿಲ್ಲಲಾಗಲಿಲ್ಲ. ಸೀದಾ ಡಾಕ್ಟರ ಹತ್ತಿರ ಹೋದೆ. ಅವರು ಸಮಾಧಾನದಿಂದಲೇ ಹೇಳಿದರು: "ಗಾಯ ಸೀರಿಯಸ್ ಐತಿ, ಸುಮ್ನೆ ಬಿಡಬ್ಯಾಡ್ರಿ ಅಂದಿದ್ದೆ ನೋಡ್ರಿ." ಚಿಗವ್ವನಿಗೆ ಬಹಳ ವರ್ಷದ ಸಕ್ಕರೆ ಕಾಯಿಲೆ. ಸಕ್ಕರೆ ಹಿಡಿತದಲ್ಲಿರದಿದ್ದರೆ ಪಾದದ ನರಗಳು ಸೋಲುತ್ತವೆ, ನೋವೇ ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಅಂಗಾಲಿಗೆ ಜಾಲಿ ಮುಳ್ಳು ನಟ್ಟಿದ್ದರೂ ಅವಳು ಎಂಟು ದಿನ ಹೊಲದಲ್ಲಿ ತಿರುಗಾಡಿದ್ದಳು. ಒಳಗೆ ಕೀವು ತುಂಬಿತ್ತು. ಹಾಗೇ ಬಿಟ್ಟಿದ್ದರೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗುತ್ತಿತ್ತು.

ಡಾಕ್ಟರು ಆ ಮಾತು ಹೇಳಿದ್ದು ಗಾಯಕ್ಕೆ. ಅದು ವರಾಂಡ ದಾಟಿ ಫೋನಿಗೆ ಬರುವಷ್ಟರಲ್ಲಿ ಗಾಯ ಹೋಗಿ ಅವ್ವ ಬಂದಿದ್ದಳು. ತಮ್ಮನ ತಪ್ಪು ಅನ್ನಲಾರೆ. ರಾತ್ರಿಯೆಲ್ಲ ಕಣ್ಣು ಮುಚ್ಚದ ಹುಡುಗ ಅವನು. ಅಮೆರಿಕದ ಆಸ್ಪತ್ರೆಗಳಲ್ಲಿ ರೋಗಿಯ ಸ್ಥಿತಿ ಹೇಳಲು ಗುಡ್, ಫೇರ್, ಸೀರಿಯಸ್, ಕ್ರಿಟಿಕಲ್ ಅಂತ ಮೆಟ್ಟಿಲುಗಳಿವೆ. ಅಲ್ಲಿ ಸೀರಿಯಸ್ ಆದಮೇಲೂ ಇನ್ನೊಂದು ಮೆಟ್ಟಿಲು ಉಳಿದಿರುತ್ತದೆ. ನಮ್ಮಲ್ಲಿ ಎರಡೇ: ಆರಾಮ, ಇಲ್ಲಾ ಸೀರಿಯಸ್. ಗುಣವಾಚಕ ಯಾವ ನಾಮಪದಕ್ಕೆ ಸೇರಿದ್ದು ಅಂತ ಗೆರೆ ಎಳೆದು ತೋರಿಸಿ ಅಂತ ಮಕ್ಕಳಿಗೆ ಹೇಳುವವಳು ನಾನು. "ಏನು ಸೀರಿಯಸ್?" ಅಂತ ಫೋನಿನಲ್ಲಿ ನಾನು ಕೇಳಬೇಕಿತ್ತು. ಈಗ ಯಾರಿಂದ ಅಂಥ ಫೋನ್ ಬಂದರೂ ಮೊದಲು ಅದನ್ನೇ ಕೇಳುತ್ತೇನೆ.

ಚಿಗವ್ವನ ಪಕ್ಕ ಕೂತು ಎಲ್ಲ ಬಿಡಿಸಿ ಹೇಳಿದೆ. ನಂಬಲಿಲ್ಲ. "ಮತ್ತ ನಿಮ್ಮ ಮಾವ ಯಾಕ ಬಂದಾನ?" ಅಂದಳು. ಮಾವನೇ ಒಳಗೆ ಬಂದು, "ಕಾಲಿಗೆ ಅಷ್ಟ ಆಗೇತಿ, ತಂಗಿ" ಅಂದ. ಅವಳು ಅವನ ಮುಖವನ್ನೇ ನೋಡುತ್ತಾ ಕೂತಳು. ಸ್ವಲ್ಪ ಹೊತ್ತಾದ ಮೇಲೆ, "ಎಮ್ಮಿ ಯಾರು ಹಿಂಡಿದ್ರು?" ಅಂತ ಕೇಳಿದಳು. ಆಮೇಲೆ ಸೊಸೆಯ ಕಡೆ ಕೈ ಚಾಚಿ ಬೆಂಡೋಲಿ ಇಸಿದುಕೊಂಡಳು.