ಸೋಡಾಕ್ಕೆ ಸಾಯದ ಎಂಜೈಮ್

ಬಳ್ಳಾರಿಯ ಒಂದು ಜೀನ್ಸ್ ವಾಷಿಂಗ್ ಯೂನಿಟ್‌ನಲ್ಲಿ ಪ್ರೊಸೆಸ್ ನೋಡಿಕೊಳ್ಳೋದು ನನ್ನ ಕೆಲಸ. ಹೋದ ವರ್ಷ ಮೇ ತಿಂಗಳ ಆ ಬೆಳಿಗ್ಗೆ ನೆನಪಾದರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಟ್ರಾಲಿಯಲ್ಲಿ 320 ಪೀಸು. ರಾತ್ರಿ ಹೈಡ್ರೋ ಮಾಡಿ, ಅಂದರೆ ಮಷಿನ್‌ನಲ್ಲಿ ತಿರುಗಿಸಿ ನೀರು ಹಿಂಡಿ, ಹಾಗೇ ಬಿಟ್ಟಿದ್ದೆವು. ಆಪರೇಟರ್ ಒಂದು ಪ್ಯಾಂಟ್ ಎತ್ತಿಕೊಂಡು, ಜೇಬಿನ ಬಾಯಿ ಹತ್ತಿರ ಎರಡೂ ಹೆಬ್ಬೆರಳಿಟ್ಟು ಸುಮ್ನೆ ಎಳೆದರು. ಪರ್ ಅಂತ ಹರಿಯಿತು. 'ಸರ, ಅರಿವಿ ಹೋಗೇತ್ರಿ' ಅಂದರು. ಇನ್ನೊಂದು ಎತ್ತಿದರು. ಅದೂ ಹಾಗೇ.

ಹಿಂದಿನ ರಾತ್ರಿ ಆಗಿದ್ದು ಇಷ್ಟು. ಜೀನ್ಸ್ ಮಾಸಿಸೋಕೆ ಮೊದಲೆಲ್ಲ ನಾವು ಬಳಸುತ್ತಿದ್ದದ್ದು ಹತ್ತಿ ಎಳೆ ಕಡಿಯುವ ಎಂಜೈಮ್, ಆ್ಯಸಿಡ್ ಸೆಲ್ಯುಲೇಸ್. ಅಸೆಟಿಕ್ ಆ್ಯಸಿಡ್ ಹಾಕಿ ಪಿಎಚ್ 5ರ ಆಸುಪಾಸಿಗೆ ತರಬೇಕು, 50 ಡಿಗ್ರಿ, ಮುಗಿದ ಮೇಲೆ ಸೋಡಾ ಆ್ಯಶ್ ಹಾಕಿದರೆ ಕಿಲ್, ಅಂದರೆ ಎಂಜೈಮಿನ ಕೆಲಸ ಬಂದ್. ಆ ವಾರ ಪರ್ಚೇಸ್‌ನವರು ನಮಗೆ ಒಂದು ಮಾತೂ ಹೇಳದೆ ನ್ಯೂಟ್ರಲ್ ಎಂಜೈಮ್ (ಆ್ಯಸಿಡ್ ಬೇಡದ್ದು) ತರಿಸಿದ್ದರು. ಡ್ರಮ್ಮು ಅದೇ ನೀಲಿ. ಅದರ ಟಿಡಿಎಸ್, ಅಂದರೆ ಬಳಸುವ ವಿಧಾನ ಬರೆದ ಟೆಕ್ನಿಕಲ್ ಶೀಟ್, ಆಫೀಸಿನ ಡ್ರಾದಲ್ಲಿ. ವಾಷ್ ಮಾತ್ರ ಬಹಳ ಚೆನ್ನಾಗಿ ಬಂತು. ಬ್ಯಾಕ್ ಸ್ಟೇನಿಂಗ್ (ಉದುರಿದ ನೀಲಿ ಮತ್ತೆ ಬಟ್ಟೆಗೇ ಅಂಟೋದು) ಕಡಿಮೆ, ಹೊಕ್ಕು ನೂಲು ಬೆಳ್ಳಗೆ ಉಳಿದಿತ್ತು. ನನಗೂ ಖುಷಿಯಾಯಿತು.

ಒಂಬತ್ತೂವರೆಗೆ ಬಾಯ್ಲರ್ ಪ್ರೆಷರ್ ಇಳಿಯಿತು. ಸೌದೆ ಮುಗಿಯುತ್ತಾ ಬಂದಿತ್ತು. 'ಹಾಟ್ ವಾಷ್ ಮಾಡೋಣೇನ್ರೀ ಸರ?' ಅಂತ ಆಪರೇಟರ್ ಎರಡು ಸಲ ಕೇಳಿದರು. ನಾನು ಗೇಜ್ ನೋಡಿದೆ, ಗಡಿಯಾರ ನೋಡಿದೆ. 'ಬೇಡ, ಸೋಡಾ ಹೊಡೀರಿ, ಸಾಕು' ಅಂದೆ. ಪಿಎಚ್ ಪೇಪರ್ ಅದ್ದಿದಾಗ ಹಸಿರು ಬಂತು, 9ರ ಹತ್ತಿರ. ಎಂಜೈಮ್ ಸತ್ತಿತು ಅಂತಲೇ ನಂಬಿದೆ. ಹೈಡ್ರೋ ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು, ಡ್ರೈಯರ್ ನಿಂತಿತು. ಬಳ್ಳಾರಿ ಬೇಸಿಗೆ, ಒದ್ದೆ ಬಟ್ಟೆಯ ರಾಶಿ, ಇಡೀ ರಾತ್ರಿ.

ಡೆನಿಮ್‌ನಲ್ಲಿ ಇಂಡಿಗೊ ಇರುವುದು ಹಾಸು ನೂಲಿನ ಹೊರಮೈಗೆ ಮಾತ್ರ. ಒಳಗಿನ ತಿರುಳು ಬಿಳಿ. ಸೆಲ್ಯುಲೇಸ್ ಹೊರಗಿನ ಹತ್ತಿ ಎಳೆಗಳನ್ನು ಕಡಿದು ಸಡಿಲ ಮಾಡುತ್ತದೆ, ಅದರ ಜೊತೆ ಬಣ್ಣವೂ ಉದುರುತ್ತದೆ. ಅಲ್ಲಿಗೇ ಅದನ್ನು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ತಿರುಳಿಗೂ ಬಾಯಿ ಹಾಕುತ್ತದೆ.

ಬೆಳಿಗ್ಗೆ ಎಂಜೈಮ್ ಕಂಪನಿಯ ಟೆಕ್ನಿಕಲ್‌ನವರಿಗೆ ಫೋನ್ ಮಾಡಿದೆ. ಮಾಲೇ ಸರಿ ಇಲ್ಲ ಅಂತ ಜೋರಾಗಿಯೇ ಶುರು ಮಾಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: 'ಕಿಲ್ ಹೇಗೆ ಮಾಡಿದ್ರಿ ಸರ್?' ಸೋಡಾ ಅಂದೆ. ಸ್ವಲ್ಪ ಹೊತ್ತು ಆ ಕಡೆ ಮಾತೇ ಇಲ್ಲ. 'ಸರ್, ಇದರ ಮೂಲ ಸೋಡಾ ಸರೋವರದ ಬ್ಯಾಕ್ಟೀರಿಯಾ. ಸೋಡಾ ಇದಕ್ಕೆ ತವರುಮನೆ. 80 ಡಿಗ್ರಿ, ಹತ್ತು ನಿಮಿಷ ಅಂತ ಶೀಟ್‌ನಲ್ಲೇ ಇದೆಯಲ್ವಾ?'

ಡ್ರಾ ತೆಗೆದು ನೋಡಿದೆ. ಇತ್ತು. ಬಾಯಿ ಕಟ್ಟಿತು.

ಆ ಮೇಲೆ ಇದರ ಬಗ್ಗೆ ಹುಡುಕಿ ಓದಿದೆ. ಕೀನ್ಯಾದ ಸೋಡಾ ಸರೋವರಗಳಲ್ಲಿ ನೀರಿನ ಪಿಎಚ್ಚೇ 10ರ ಹತ್ತಿರ. ಅಲ್ಲಿನ ಬ್ಯಾಕ್ಟೀರಿಯಾದಿಂದಲೇ ಜೀನ್ಸ್ ಮಾಸಿಸುವ ಎಂಜೈಮ್ ಬಂದಿದೆ. ಜಪಾನಿನ ವಿಜ್ಞಾನಿ ಕೋಕಿ ಹೊರಿಕೋಶಿ 1968ರಲ್ಲೇ ಸೋಡಾ ಬೆರೆಸಿದ ದ್ರಾವಣಕ್ಕೆ ಚೂರು ಚೂರು ಮಣ್ಣು ಹಾಕಿ ಇಟ್ಟಿದ್ದರಂತೆ. ಮರುದಿನ ಅದರಲ್ಲಿ ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆದಿದ್ದವು. ಸೋಪಿನ ನೀರಿನಲ್ಲೂ ಕೆಲಸ ಮಾಡುವ ಸೆಲ್ಯುಲೇಸ್ ಹಾಕಿ ಜಪಾನಿನ ಕಾವೊ ಕಂಪನಿ 1987ರಲ್ಲಿ 'ಅಟ್ಯಾಕ್' ಅನ್ನೋ ಬಟ್ಟೆ ಪುಡಿಯನ್ನೇ ತಂದಿತು. ಯಾವುದು ಹಾಕಿದರೆ ಸಾಯುತ್ತದೆ ಅಂತ ನಾನು ನಂಬಿದ್ದೆನೋ, ಅದರಲ್ಲೇ ಹುಟ್ಟಿ ಬೆಳೆಯುವ ಜೀವಗಳು ಇವು.

ಎಂಜೈಮ್ ಬಿಟ್ಟು, ಬಟ್ಟೆ ಉಜ್ಜಿ ಮಾಸಿಸುವ ಪ್ಯೂಮಿಸ್ ಕಲ್ಲಿಗೆ ವಾಪಸ್ ಹೋಗೋಣ ಅಂತ ಮ್ಯಾನೇಜರ್ ಹಟ ಹಿಡಿದರು. ನಾನು ಒಪ್ಪಲಿಲ್ಲ. ಕಲ್ಲಿನ ಪುಡಿ ಜೇಬಲ್ಲಿ, ಚರಂಡಿಯಲ್ಲಿ, ಮಷಿನ್ ಡ್ರಮ್ಮಿನ ಒಳಗೋಡೆ ಸವೆತ, ಎಲ್ಲ ಕಂಡವನು ನಾನು. ತಪ್ಪು ಎಂಜೈಮಿನದಲ್ಲ. ಎರಡು ಸಲ ಕೇಳಿದ ಮನುಷ್ಯನಿಗೆ ಬೇಡ ಅಂದವನು ನಾನು.

ಈಗ ಡ್ರಮ್ ಬದಲಾದರೆ ಟಿಡಿಎಸ್ ಮೊದಲು ಮಷಿನ್ ಹತ್ತಿರ ಬರಬೇಕು. ಕಿಲ್ ವಾಷ್‌ಗೆ ಥರ್ಮಾಮೀಟರ್ ನಾನೇ ಅದ್ದಿ ನೋಡುತ್ತೇನೆ. ಪ್ರೆಷರ್ ಇಲ್ಲದಿದ್ದರೆ ಆ ಲಾಟ್ ಶುರುವೇ ಮಾಡಲ್ಲ. ಸೌದೆ ಖರ್ಚು ಜಾಸ್ತಿ ಅಂತ ತಿಂಗಳಿಗೊಮ್ಮೆ ಆಫೀಸಿಂದ ಫೋನ್ ಬರುತ್ತದೆ. ಪರ್ಚೇಸ್‌ನವರು ಈಗಲೂ ಹೇಳದೆ ಮಾಲು ಬದಲಿಸುತ್ತಾರೆ. ನೀಲಿ ಡ್ರಮ್ಮಿನ ಮೇಲೆ ಆಪರೇಟರ್ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿದ್ದಾರೆ: 'ಸೋಡಾಕ್ಕ ಸಾಯಂಗಿಲ್ಲ. 80.' ಅಳಿಸಿ ಹೋದಾಗೆಲ್ಲ ಮತ್ತೆ ಬರೆಯುತ್ತಾರೆ.