ಮದುವೆ ವಿಡಿಯೊನ ಒಂದೇ ಡಿವಿಡಿಗೆ ತುರುಕಬೇಡಿ

ಈಗ ಡಿವಿಡಿ ಯಾರು ನೋಡ್ತಾರೆ ಅನ್ನುವವರು ಮಂಡ್ಯ ಕಡೆಯ ನಮ್ಮ ನೆಂಟರ ಮನೆಗಳಿಗೆ ಒಮ್ಮೆ ಬರಬೇಕು. ಫೋನಿಗೆ ಲಿಂಕ್ ಕಳಿಸಿದರೆ ನಮ್ಮತ್ತೆ ತೆಗೆದೂ ನೋಡುವುದಿಲ್ಲ. ಡಿಸ್ಕ್ ಕೊಟ್ಟರೆ ಅಕ್ಕಪಕ್ಕದವರನ್ನೆಲ್ಲ ಕೂರಿಸಿಕೊಂಡು ಪೂರ್ತಿ ನೋಡುತ್ತಾರೆ. ಅವರಿಗೆ ಚೆನ್ನಾಗಿರುವ ಚಿತ್ರವೇ ಸಿಗಬೇಕು ಅನ್ನೋದು ನನ್ನ ಹಟ.

ಈಚೆಗೆ ಚಿಕ್ಕಪ್ಪನ ಮಗಳ ಮದುವೆಯ ಡಿಸ್ಕ್ ಬಂತು. ನಾಲ್ಕು ಗಂಟೆಯ ವಿಡಿಯೊ, ಎಲ್ಲ ಒಂದರಲ್ಲೇ. ಧಾರೆ ಹೊತ್ತಿಗೆ ಎಲ್ಲರೂ ಒಟ್ಟಿಗೆ ಅಕ್ಷತೆ ಹಾಕುತ್ತಾರಲ್ಲ, ಅಲ್ಲಿಗೆ ಬಂದ ತಕ್ಷಣ ಇಡೀ ಪರದೆ ಚೌಕ ಚೌಕವಾಗಿ ಒಡೆದುಹೋಯಿತು. ಹುಡುಗಿಯ ಮುಖವೇ ಕಾಣಲಿಲ್ಲ. ಇಡೀ ಮದುವೆಯಲ್ಲಿ ಮತ್ತೆ ಮತ್ತೆ ನೋಡಬೇಕು ಅನ್ನಿಸುವುದೇ ಆ ಗಳಿಗೆ, ಅಲ್ವಾ? ನಿಜಕ್ಕೂ ಬೇಜಾರಾಯಿತು.

ಹೀಗೆ ಯಾಕಾಗುತ್ತದೆ ಅಂದರೆ, ಡಿವಿಡಿಯಲ್ಲಿ ವಿಡಿಯೊ ಹಿಂಡಿಡುವ ವಿಧಾನವಾದ ಎಂಪೆಗ್-2 ಪ್ರತಿ ಫ್ರೇಮನ್ನೂ (ವಿಡಿಯೊದ ಒಂದೊಂದು ಚಿತ್ರವನ್ನೂ) ಪೂರ್ತಿಯಾಗಿ ಇಟ್ಟುಕೊಳ್ಳುವುದಿಲ್ಲ. ಹಿಂದಿನ, ಮುಂದಿನ ಫ್ರೇಮಿಗಿಂತ ಏನು ಬದಲಾಯಿತು ಅನ್ನುವುದನ್ನೇ ಹೆಚ್ಚಾಗಿ ಬರೆದಿಡುತ್ತದೆ. ನೂರಾರು ಅಕ್ಕಿ ಕಾಳು ಒಂದೊಂದೂ ಒಂದೊಂದು ಕಡೆ ಹಾರುವಾಗ ಬದಲಾಗದೆ ಉಳಿಯುವುದು ತುಂಬ ಕಡಿಮೆ, ಆಗ ಜಾಸ್ತಿ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಜಾಸ್ತಿ ಡೇಟಾ ಬೇಕು, ಅದು ಇಲ್ಲದಿದ್ದರೆ ಚಿತ್ರ ಒಡೆಯುತ್ತದೆ. ದಸರಾದಲ್ಲಿ ಅರಮನೆಯ ದೀಪಗಳೆಲ್ಲ ಒಮ್ಮೆಗೇ ಹೊತ್ತಿಕೊಳ್ಳುವ ದೃಶ್ಯಕ್ಕೂ ಇದೇ ಕಾಟ.

ಲೆಕ್ಕ ಸುಲಭ. ಮಾಮೂಲಿ ಡಿವಿಡಿಯಲ್ಲಿ 4.7 ಜಿಬಿ ಜಾಗ, ಅಂದರೆ ಸುಮಾರು 37,600 ಮೆಗಾಬಿಟ್. ಅದನ್ನು ವಿಡಿಯೊ ಎಷ್ಟು ಸೆಕೆಂಡ್ ಇದೆಯೋ ಅದರಿಂದ ಭಾಗಿಸಿ. ಎರಡು ಗಂಟೆಗೆ ಸೆಕೆಂಡಿಗೆ 5.2 ಮೆಗಾಬಿಟ್ ಬರುತ್ತದೆ, ನಾಲ್ಕು ಗಂಟೆಗೆ ಬರೀ 2.6, ಅದರಲ್ಲೇ ಆಡಿಯೊಗೂ ಪಾಲು. ಡಿವಿಡಿ ವಿಡಿಯೊಗೆ 9.8 ಮೆಗಾಬಿಟ್‌ವರೆಗೂ ಅವಕಾಶ ಇದೆ. ನನ್ನ ಪ್ರಕಾರ ಒಂದು ಡಿಸ್ಕ್‌ಗೆ ಒಂದೂವರೆ ಗಂಟೆ ಸಾಕು. ಧಾರೆ ಒಂದರಲ್ಲಿ, ಆರತಕ್ಷತೆ ಇನ್ನೊಂದರಲ್ಲಿ ಹಾಕಿ. ಖಾಲಿ ಡಿಸ್ಕ್‌ಗೆ ಎಷ್ಟು ದುಡ್ಡು ಮಹಾ!

ಎನ್‌ಕೋಡ್ ಮಾಡುವಾಗ, ಅಂದರೆ ವಿಡಿಯೊನ ಡಿವಿಡಿ ರೂಪಕ್ಕೆ ಹಿಂಡುವಾಗ, ಟೂ-ಪಾಸ್ ವಿಬಿಆರ್ (ದೃಶ್ಯಕ್ಕೆ ತಕ್ಕಂತೆ ಬಿಟ್‌ರೇಟ್ ಬದಲಿಸುವ ವಿಧಾನ) ಆರಿಸಿಕೊಳ್ಳಿ. ಮೊದಲ ಸಲ ಸಾಫ್ಟ್‌ವೇರ್ ಇಡೀ ವಿಡಿಯೊ ನೋಡಿಕೊಂಡು, ಎರಡನೇ ಸಲ ಫೋಟೊಗೆ ಸುಮ್ನೆ ನಿಂತವರ ಸಾಲಿನಿಂದ ಬಿಟ್ ಉಳಿಸಿ ಅಕ್ಷತೆಗೆ ಕೊಡುತ್ತದೆ. ಸಮಯ ಸುಮಾರು ಎರಡರಷ್ಟು ಹಿಡಿಯುತ್ತದೆ, ಹಿಡಿಯಲಿ ಬಿಡಿ.

ಸ್ಟುಡಿಯೊದವರ ಹತ್ತಿರ ಎಡಿಟ್ ಆದ ಮೂಲ ಫೈಲನ್ನೇ ಕೇಳಿ, ಪೆನ್ ಡ್ರೈವ್‌ನಲ್ಲಿ. ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಬಂದದ್ದು ಆಗಲೇ ಹಿಂಡಿಹೋಗಿರುತ್ತದೆ, ಅದರಿಂದ ಎಷ್ಟೇ ಬಿಟ್‌ರೇಟ್ ಕೊಟ್ಟು ಡಿಸ್ಕ್ ಮಾಡಿದರೂ ಹೋದದ್ದು ಬರುವುದಿಲ್ಲ. ಡಿವಿಡಿಯಿಂದ ಇನ್ನೊಂದು ಡಿವಿಡಿ ಬೇಕಿದ್ದರೆ ಹಾಗೇ ಕಾಪಿ ಮಾಡಿ, ಮತ್ತೆ ಕನ್ವರ್ಟ್ ಮಾಡಬೇಡಿ. ಒಂದೊಂದು ಸಲ ಕನ್ವರ್ಟ್ ಮಾಡಿದಾಗಲೂ ಸ್ವಲ್ಪ ಸ್ವಲ್ಪ ಹೋಗುತ್ತದೆ.

ಫುಲ್ ಎಚ್‌ಡಿ ಚಿತ್ರ ಡಿವಿಡಿಯಲ್ಲಿ ಹಾಗೇ ಉಳಿಯುವುದಿಲ್ಲ, ಅದು ಒಪ್ಪಿಕೊಳ್ಳಬೇಕಾದ ಮಾತು. ನಮ್ಮ ಕಡೆಯ ಟಿವಿ ಪದ್ಧತಿಯಾದ ಪಾಲ್‌ನ ಡಿವಿಡಿ 720×576, ಅಂದರೆ 1920×1080ರ ಐದರಲ್ಲಿ ಒಂದು ಪಾಲು ಪಿಕ್ಸೆಲ್ ಮಾತ್ರ. ಅದಕ್ಕೇ ಆ ಇಳಿಸುವ ಕೆಲಸ ಚೆನ್ನಾಗಿ ಆಗಬೇಕು. ಕೆಟ್ಟದಾಗಿ ಇಳಿಸಿದರೆ ಮೈಸೂರು ರೇಷ್ಮೆ ಸೀರೆಯ ಜರಿ ಅಂಚು ಪಟಪಟ ಮಿನುಗುತ್ತದೆ, ಸೀರೆ ಉಟ್ಟವರು ಅಲ್ಲಾಡಿದಷ್ಟೂ ಜಾಸ್ತಿ. ರಿಸೈಜ್‌ಗೆ ಲ್ಯಾಂಕ್ಜೋಸ್ ಅಥವಾ ಬೈಕ್ಯೂಬಿಕ್ ಅನ್ನುವ ವಿಧಾನ ಆರಿಸಿ, ಶಾರ್ಪನ್ ಮುಟ್ಟಬೇಡಿ, ಚಿತ್ರದ ಅಗಲ-ಎತ್ತರ 16:9 ಅಂತ ಸಾಫ್ಟ್‌ವೇರ್‌ಗೆ ಹೇಳುವುದು ಮರೆಯಬೇಡಿ. ಇಲ್ಲದಿದ್ದರೆ ಎಲ್ಲರೂ ಸಣ್ಣಗೆ ಉದ್ದಕ್ಕೆ ಕಾಣುತ್ತಾರೆ.

ಫೋನಿನಲ್ಲಿ ತೆಗೆದದ್ದು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ಇರುತ್ತದೆ, ಪಾಲ್‌ನಲ್ಲಿ 25. ಪಾಲ್‌ಗೆ ಇಳಿಸಿದರೆ ಸೆಕೆಂಡಿಗೆ ಐದು ಫ್ರೇಮ್ ಬಿಟ್ಟುಹೋಗಿ ನಡೆಯುವವರು ಎಗರಿ ಎಗರಿ ನಡೆದಂತೆ ಕಾಣುತ್ತದೆ. ಅಂಥದ್ದನ್ನು ಎನ್‌ಟಿಎಸ್‌ಸಿ (ಸೆಕೆಂಡಿಗೆ ಸುಮಾರು 30 ಫ್ರೇಮ್ ಇರುವ ಅಮೆರಿಕದ ಪದ್ಧತಿ) ಡಿವಿಡಿ ಮಾಡಿಬಿಡಿ, ನಮ್ಮಲ್ಲಿನ ಹೆಚ್ಚಿನ ಪ್ಲೇಯರ್‌ಗಳು ಎರಡನ್ನೂ ಓಡಿಸುತ್ತವೆ.

ಬರ್ನ್ ಸ್ಪೀಡ್ (ಡಿಸ್ಕ್‌ಗೆ ಬರೆಯುವ ವೇಗ) ಕಡಿಮೆ ಮಾಡಿದರೆ ಚಿತ್ರ ಚೆನ್ನಾಗಾಗುವುದಿಲ್ಲ, ಆದರೆ ಹಳೇ ಪ್ಲೇಯರ್ ತಡವರಿಸುವುದು ಕಡಿಮೆಯಾಗುತ್ತದೆ. 4ಎಕ್ಸ್, 8ಎಕ್ಸ್ ಸಾಕು. ಅದಕ್ಕೂ ಮುಂಚೆ ಅಕ್ಷತೆಯ ಎರಡು ನಿಮಿಷವನ್ನು ಮಾತ್ರ, ಪೂರ್ತಿ ಡಿಸ್ಕ್‌ಗೆ ಇಡಲಿರುವ ಬಿಟ್‌ರೇಟ್‌ನಲ್ಲೇ, ಅಳಿಸಿ ಮತ್ತೆ ಬರೆಯಬಹುದಾದ ಒಂದು ಡಿವಿಡಿ-ಆರ್‌ಡಬ್ಲ್ಯೂಗೆ ಹಾಕಿ ಟಿವಿಯಲ್ಲಿ ನೋಡಿ. ಅಲ್ಲಿ ಮುಖ ಸರಿಯಾಗಿ ಕಂಡರೆ ಉಳಿದದ್ದೆಲ್ಲ ಸರಿ ಬರುತ್ತದೆ.