ಬಾಡಿಗೆ ಹುಲ್ಲುಗಾವಲು, ಮೂರು ಕುದುರೆ

ಇಂಗ್ಲೆಂಡಿನಲ್ಲಿ ಕುದುರೆ ಸಾಕುವ ಎಷ್ಟೋ ಜನರಿಗೆ ಸ್ವಂತ ಜಮೀನಿಲ್ಲ. ಹುಲ್ಲುಗಾವಲು ಬಾಡಿಗೆಗೆ ಹಿಡಿದು ಎರಡು ಮೂರು ಮನೆಯವರು ಹಂಚಿಕೊಳ್ಳುತ್ತಾರೆ. ನಾವು ಮೂವರೂ ಹಾಗೇ. ದುಡ್ಡಿನ ಮಾತು ಬೇಗ ಮುಗಿಯಿತು, ಕೆಲಸದ ಮಾತಿಗೇ ಜಾಸ್ತಿ ಹೊತ್ತು ಹಿಡಿಯಿತು.

ಬೆಳಗಿನ ಪಾಳಿ ನನ್ನದು. ಚಳಿಗಾಲದಲ್ಲಿ ತೊಟ್ಟಿಯ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ. ಒಡೆದರೆ ಸಾಲದು, ಚೂರುಗಳನ್ನೂ ಎತ್ತಿ ಹಾಕಬೇಕು. ಇಲ್ಲವಾದರೆ ಮತ್ತೆ ಅಂಟಿಕೊಳ್ಳುತ್ತವೆ. ಕುದುರೆಗೆ ದಿನಕ್ಕೆ 25ರಿಂದ 50 ಲೀಟರ್ ನೀರು ಬೇಕು. ಕಡಿಮೆಯಾದರೆ ಕರುಳು ಕಟ್ಟಿ ಜೀವಕ್ಕೇ ಕುತ್ತು ಬರಬಹುದು. ಸಂಜೆಯವರು ಲದ್ದಿ ಎತ್ತುತ್ತಾರೆ. ಬಿಟ್ಟರೆ ಜಂತುಹುಳು ಹುಲ್ಲಿಗೆ ಹರಡಿ ಮೂರೂ ಕುದುರೆಗಳ ಹೊಟ್ಟೆ ಸೇರುತ್ತದೆ. ಅಲ್ಲಿ ನನ್ನದು, ನಿನ್ನದು ಅಂತ ನಡೆಯೋದಿಲ್ಲ ಅಲ್ವಾ?

ಬೇಸಿಗೆಯಲ್ಲಿ ರಾಗ್‌ವರ್ಟ್ ಅನ್ನೋ ಹಳದಿ ಹೂವಿನ ಕಳೆ ಬರುತ್ತದೆ. ಅದಕ್ಕೆ ಪಾಳಿಯಿಲ್ಲ. ಕಣ್ಣಿಗೆ ಬಿದ್ದವರೇ ಕೈಗವಸು ಹಾಕಿಕೊಂಡು ಬೇರುಸಮೇತ ಕಿತ್ತು ಹೊರಗೆ ಸಾಗಿಸಬೇಕು. ಹಸಿ ಗಿಡ ಕಹಿ, ಕುದುರೆ ಸಾಮಾನ್ಯವಾಗಿ ಮುಟ್ಟೋದಿಲ್ಲ. ಒಣಗಿದ ಮೇಲೆ ಕಹಿ ಹೋಗುತ್ತದೆ, ವಿಷ ಉಳಿಯುತ್ತದೆ. ತಿಂದರೆ ಲಿವರ್ ಹಾಳು.

ಮುಂದಿನ ತಿಂಗಳು ಊರಿಗೆ ಬರುತ್ತಿದ್ದೇನೆ. ನನ್ನ ಪಾಳಿಯನ್ನು ಅವರಿಬ್ಬರೂ ಖುಷಿಯಿಂದ ಹಂಚಿಕೊಂಡಿದ್ದಾರೆ. ಪಶುವೈದ್ಯರ ನಂಬರ್ ಕೊಟ್ಟು, ತುರ್ತಾದರೆ ನನಗೆ ಕಾಯದೆ ಚಿಕಿತ್ಸೆ ಕೊಡಿಸಿ ಅಂತ ಬರೆದಿಟ್ಟಿದ್ದೇನೆ.